ಬ್ರೇಕಪ್ಪನ ಬೇರೆ ಹವ್ಯಾಸ

"ಸಾರ್, ಮುಂದಿನ ಭಾನುವಾರ ಬರೋಕಾಗಲ್ಲ. ನನಗೆ ಬೇರೆ ಹವ್ಯಾಸ ಇದೆ."

ಇಷ್ಟು ಹೇಳಿ ಫೋನ್ ಇಟ್ಟಿದ್ದರೆ ಬ್ರೇಕಪ್ಪನ ದಿನ ನೆಟ್ಟಗಿರುತ್ತಿತ್ತು. ಆದರೆ ಆ ಕಡೆ ಇದ್ದವರು ಸಾಹೇಬರು. ಬೀಗದ ಕಾರ್ಖಾನೆಯಲ್ಲಿ ಅವನ ವಿಭಾಗಕ್ಕೆ ಅವರೇ ಮುಖ್ಯಸ್ಥರು, ಭಾನುವಾರದ ಬೈಕ್ ತಂಡಕ್ಕೂ ಅವರೇ ಮುಖ್ಯಸ್ಥರು. ಅವರು ಸುಮ್ಮನಿರದೆ ಒಂದು ಪ್ರಶ್ನೆ ಕೇಳಿದರು.

"ಹೌದಾ? ಏನ್ರೀ ಅದು?"

ಬ್ರೇಕಪ್ಪ ಹಿಂದಿನ ರಾತ್ರಿಯೆಲ್ಲ ಮೊದಲ ವಾಕ್ಯವನ್ನು ಉರು ಹೊಡೆದಿದ್ದನೇ ಹೊರತು ಎರಡನೆಯದರ ಕಡೆ ಯೋಚನೆಯೇ ಹೋಗಿರಲಿಲ್ಲ. ಸುಳ್ಳು ಹೇಳೋಕೂ ಒಂದು ತಯಾರಿ ಬೇಕಲ್ಲ ಮಹರಾಯ!

"ಅದು... ಸಂಜೆ ಹೇಳ್ತೀನಿ ಸಾರ್."

"ಆಯ್ತು. ಆರು ಗಂಟೆ ಒಳಗೆ ಹೇಳಿ. ನೋಡಿ, ಮನುಷ್ಯನಿಗೆ ಯಾವುದಾದ್ರೂ ಒಂದು ಹವ್ಯಾಸ ಇರಲೇಬೇಕು. ಇಲ್ಲದಿದ್ರೆ ಕೆಲಸದಲ್ಲೂ ತುಕ್ಕು ಹಿಡೀತಾನೆ. ಬೇರೆ ಏನಾದ್ರೂ ನಿಜವಾಗಿ ಇದ್ರೆ ಸಂತೋಷ. ಇಲ್ಲ ಅಂದ್ರೆ ನಿಮ್ಮ ಹೆಸರು ಘಟ್ಟದ ಪಟ್ಟೀಲಿ ಇರುತ್ತೆ."

ಘಟ್ಟ ಅಂದರೆ ಹದಿನೆಂಟು ತಿರುವಿನ ಘಟ್ಟ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಕಾಶ. ಏಳು ಜನರ ತಂಡ ಮುಂದಿನ ಭಾನುವಾರ ಅದನ್ನು ಹತ್ತಿ, ಮೇಲೆ ಒಂದೊಂದು ಲೋಟ ಚಹಾ ಕುಡಿದು, ಇಳಿದು ಬರಬೇಕಾಗಿತ್ತು. ಒಂದು ಲೋಟ ಚಹಾಕ್ಕೆ ಇನ್ನೂರು ಕಿಲೋಮೀಟರು ಯಾಕೆ ಹೋಗಬೇಕು ಎಂದು ಬ್ರೇಕಪ್ಪ ಎರಡು ವರ್ಷದಿಂದ ಯಾರನ್ನೂ ಕೇಳಿರಲಿಲ್ಲ.

ಬ್ರೇಕಪ್ಪ ಎಂಬುದು ಅವನ ಹೆಸರಲ್ಲ. ಅವನ ಬೈಕಿನ ಹಿಂದಿನ ಕೆಂಪು ದೀಪ ಮನೆ ಬಿಟ್ಟಾಗ ಹತ್ತಿದರೆ ಮನೆ ಮುಟ್ಟಿದಾಗಲೇ ಆರುತ್ತಿತ್ತು. ಅದನ್ನು ನೋಡಿ ತಂಡದವರು ಇಟ್ಟ ಹೆಸರು ಅದು. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಹೋದ ತಿಂಗಳು ಮಾತ್ರ ನಗಲು ಆಗಿರಲಿಲ್ಲ. ಒಂದು ಸಣ್ಣ ಇಳಿಜಾರಿನಲ್ಲಿ ಲಾರಿಯೊಂದು ಹಾರ್ನ್ ಹೊಡೆದು ಪಕ್ಕದಲ್ಲೇ ಹೋದಾಗ ಅವನ ಎರಡೂ ಕೈ ನಡುಗಲು ಶುರುವಾಗಿ, ಅರ್ಧ ಗಂಟೆ ಮೈಲಿಗಲ್ಲನ್ನು ತಬ್ಬಿಕೊಂಡು ಕೂತಿದ್ದ. ಫೋನ್ ಬಂದಿತ್ತು ಎಂದು ತಂಡದವರಿಗೆ ಹೇಳಿದ. ನಿಜ ಗೊತ್ತಿದ್ದದ್ದು ಹೆಂಡತಿಗೆ ಒಬ್ಬಳಿಗೇ.

"ನೇರವಾಗಿ ಭಯ ಆಗುತ್ತೆ ಅಂತ ಹೇಳೋಕೇನ್ರೀ ನಿಮಗೆ?" ಎಂದಳು ಅವಳು.

"ಆರು ಜನ ಗಂಡಸರ ಮುಂದೆ?"

"ಹಾಗಾದ್ರೆ ಸಂಜೆ ಒಳಗೆ ಒಂದು ಹವ್ಯಾಸ ಹುಡುಕಿಕೊಳ್ಳಿ. ಖರ್ಚಿಲ್ಲದ್ದು ನೋಡಿ, ಆ ಬೈಕಿನ ಚೈನು, ಟೈರು, ಪೆಟ್ರೋಲು ಅಂತ ಸುರಿದದ್ದು ಸಾಕು."

ಇಷ್ಟು ಮಾತು ನಡೆದದ್ದು ಮೆಟ್ಟಿಲ ಬಳಿಯ ಬಾಗಿಲಲ್ಲಿ. ಆ ಕಟ್ಟಡದ ಮೆಟ್ಟಿಲಲ್ಲಿ ಕೆಮ್ಮಿದರೆ ಮೂರನೇ ಮಹಡಿಯಿಂದ ಯಾರಾದರೂ ಔಷಧ ಹೇಳುತ್ತಿದ್ದರು. ಎರಡು ನಿಮಿಷದಲ್ಲಿ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಚಪ್ಪಲಿ ಸದ್ದು ಮಾಡುತ್ತ ಇಳಿದು ಬಂದರು.

"ಹವ್ಯಾಸ ಬೇಕಂತೆ? ನನ್ನ ಹತ್ರ ಇದೆ, ಬಾರಯ್ಯ. ಪದಬಂಧ! ಒಂದು ಪೇಪರು, ಒಂದು ಪೆನ್ನು, ಒಂದು ತಲೆ. ಮೂರನೇದು ಸ್ವಲ್ಪ ಕಡಿಮೆ ಇದ್ರೂ ನಡೆಯುತ್ತೆ."

ಮೇಷ್ಟ್ರಿಗೆ ಪದಬಂಧವೆಂದರೆ ಪ್ರಾಣ. ಇಪ್ಪತ್ತು ವರ್ಷದಿಂದ ಪ್ರತಿದಿನ ಪೆನ್ನಿನಲ್ಲೇ ತುಂಬಿ, ಕತ್ತರಿಸಿ, ದಪ್ಪ ಪುಸ್ತಕಗಳಲ್ಲಿ ಅಂಟಿಸಿಟ್ಟಿದ್ದರು. ಒಂದು ಕಾಟಿಲ್ಲ, ಒಂದು ತಿದ್ದುಪಡಿ ಇಲ್ಲ. ಅವತ್ತಿನದು ಮುಕ್ಕಾಲು ಆಗಿತ್ತು. ಬ್ರೇಕಪ್ಪನನ್ನು ಮೇಲೆ ತಮ್ಮ ಮನೆಗೆ ಕರೆದೊಯ್ದು ಪೇಪರನ್ನು ಕೈಗೆ ಕೊಟ್ಟು, "ಏಳನೇದು ಸುಲಭ ಇದೆ, ಮಗೂಗೂ ಬರುತ್ತೆ, ತುಂಬು. ನಾನು ಕನ್ನಡಕ ಒರೆಸಿಕೊಂಡು ಬರ್ತೀನಿ" ಎಂದು ಒಳಗೆ ಹೋದರು.

ಏಳನೆಯದು ಹೀಗಿತ್ತು: ಕೈಗೆ ಬಂದದ್ದು ಇದಕ್ಕೆ ಬರಲಿಲ್ಲ, ಎರಡಕ್ಷರ.

ಬ್ರೇಕಪ್ಪ ತಡಮಾಡಲಿಲ್ಲ. ಇದು ತನ್ನ ಪ್ರತಿ ತಿಂಗಳ ಕಥೆಯೇ ಎನ್ನಿಸಿ, ದಪ್ಪಗೆ ಒತ್ತಿ ಬರೆದ. ಜೇಬು.

ಬರೆದು ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು. ಕೂತಲ್ಲೇ ಕೂತು, ಹೆಲ್ಮೆಟ್ ಇಲ್ಲದೆ, ಲಾರಿ ಇಲ್ಲದೆ, ಎಂಥ ಸುಖ! ಇದೇ ನನ್ನ ಹವ್ಯಾಸ ಎಂದು ಸಾಹೇಬರಿಗೆ ಹೇಳುವ ವಾಕ್ಯವನ್ನೂ ಜೋಡಿಸಿಕೊಂಡ. ಅಷ್ಟರಲ್ಲಿ ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಂದು ಪೇಪರು ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

"ಏನಯ್ಯಾ ಇದು?"

"ಜೇಬು ಸಾರ್. ಕೈಗೆ ಬಂದದ್ದು ಜೇಬಿಗೆ ಬರಲಿಲ್ಲ."

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಕಣಯ್ಯಾ! ಬಾಯಿ! ಈಗ ಮೇಲಿಂದ ಕೆಳಗೆ ಓದು. ಓದು ಜೋರಾಗಿ!"

ಬ್ರೇಕಪ್ಪ ಓದಿದ. "ಜೇಳೆಹಣ್ಣು."

"ಯಾವ ತೋಟದಲ್ಲಿ ಬೆಳೀತಾರೆ ಅದನ್ನ? ಇಪ್ಪತ್ತು ವರ್ಷ, ಒಂದು ಕಾಟು ಇರಲಿಲ್ಲವಲ್ಲೋ! ನಡಿ, ನಡಿ ಕೆಳಗೆ. ನಿನಗೆ ಬೈಕೇ ಸರಿ."

ಬಾಗಿಲು ಮುಚ್ಚಿದ ಸದ್ದಿಗೆ ಪಕ್ಕದ ಮನೆಯ ಬಾಗಿಲು ತೆರೆಯಿತು. ಹೊಲಿಗೆ ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೊರಗೆ ಬಂದರು. ಇಡೀ ಬೀದಿಯ ಬಟ್ಟೆ ಹೊಲಿಯುವವರು ಅವರು, ಚಳಿ ಬಂತೆಂದರೆ ಸ್ವೆಟರನ್ನೂ ಹೆಣೆದುಕೊಡುತ್ತಿದ್ದರು.

"ಆ ಮೇಷ್ಟ್ರ ಹತ್ರ ಯಾಕಪ್ಪಾ ಹೋದೆ? ಅವರು ಹೆಂಡತಿಗೇ ಪೆನ್ನು ಮುಟ್ಟೋಕೆ ಕೊಡಲ್ಲ. ಬಾ, ಹೆಣಿಗೆ ಹೇಳಿಕೊಡ್ತೀನಿ. ಮನಸ್ಸಿಗೆ ಅಷ್ಟು ನೆಮ್ಮದಿ ಇನ್ಯಾವುದರಲ್ಲೂ ಇಲ್ಲ. ಉಳಿದ ಉಣ್ಣೆ ಬೇಕಾದಷ್ಟಿದೆ, ಒಂದು ಕಾಸು ಖರ್ಚಿಲ್ಲ."

ಅಕ್ಕ ಅವನನ್ನು ಕಿಟಕಿ ಪಕ್ಕ ಕೂರಿಸಿ, ಕೈಗೆ ಎರಡು ಕಡ್ಡಿ ಕೊಟ್ಟು, ಒಂದು ಸಣ್ಣ ಹಸಿರು ಉಂಡೆ ಕೊಟ್ಟರು. ಮೇಲಿಂದ ಒಂದು, ಕೆಳಗಿಂದ ಒಂದು, ಎಳಿ. ಬೀಗದ ಕಾರ್ಖಾನೆಯಲ್ಲಿ ಬ್ರೇಕಪ್ಪನ ಕೆಲಸ ಪ್ರತಿ ಬೀಗಕ್ಕೂ ಕೀ ಹಾಕಿ, ತಿರುಗಿಸಿ, ಮೂರು ಸಲ ಎಳೆದು ನೋಡುವುದು. ಹೀಗಾಗಿ ಕೈಗೆ ಆ ಲಯ ಕೂಡಲೇ ಹತ್ತಿತು. ಅಕ್ಕನೇ ಮೂಗಿನ ಮೇಲೆ ಬೆರಳಿಟ್ಟರು.

"ಅಯ್ಯೋ, ಕೈ ಚೆನ್ನಾಗಿ ತಿರುಗುತ್ತಪ್ಪಾ ನಿಂದು! ಹೀಗೇ ಹೋಗ್ತಾ ಇರು, ನಾನು ಒಳಗೆ ಒಲೆ ಮೇಲಿಟ್ಟಿದ್ದು ನೋಡಿ ಬರ್ತೀನಿ."

ಅಕ್ಕನಿಗೆ ಒಳಗೆ ಒಂದು ಫೋನ್ ಬಂತು. ಫೋನ್ ಮಾಡಿದ್ದು ಅವರ ತಂಗಿ. ಅಕ್ಕತಂಗಿಯರ ಮಾತು ಮುಗಿಯುವುದರೊಳಗೆ ಬ್ರೇಕಪ್ಪನ ಹಸಿರು ಉಂಡೆ ಮುಗಿಯಿತು. ಬಗ್ಗಿ ಬುಟ್ಟಿಯೊಳಗೆ ನೋಡಿದ. ಬಟ್ಟೆಗಳ ನಡುವಿಂದ ಅದೇ ಹಸಿರಿನ ಒಂದು ಎಳೆ ಇಣುಕುತ್ತಿತ್ತು. ಎಳೆದ, ಸಲೀಸಾಗಿ ಬಂತು. ಗಂಟು ಹಾಕಿ ಮುಂದುವರಿಸಿದ. ಎಳೆದಷ್ಟೂ ಬರುತ್ತಿತ್ತು, ಮುಗಿಯುವ ಮಾತೇ ಇಲ್ಲ. ಒಳ್ಳೆ ಅಕ್ಷಯಪಾತ್ರೆಯೇ ಸಿಕ್ಕಿತಲ್ಲ ಎಂದು ಖುಷಿಯಿಂದ ಎರಡು ಗೇಣು ಮಫ್ಲರು ಹೆಣೆದ. ಸಾಹೇಬರಿಗೆ ಇದನ್ನೇ ಕೊರಳಿಗೆ ಹಾಕಿ ಉತ್ತರ ಹೇಳಬೇಕು ಎಂದೂ ಅಂದುಕೊಂಡ.

ಅಕ್ಕ ಹೊರಗೆ ಬಂದು ಮಫ್ಲರು ನೋಡಿ ನಕ್ಕರು. ಬುಟ್ಟಿಯೊಳಗೆ ಕೈ ಹಾಕಿದಾಗ ನಗು ನಿಂತಿತು. ಅವರ ಕೈಗೆ ಬಂದದ್ದು ಮಗುವೊಂದರ ಹಸಿರು ಸ್ವೆಟರು. ಎಡಗೈ ಇತ್ತು. ಬಲಗೈ ಇರಲಿಲ್ಲ.

"ಒಂದು ವಾರ ಕಣ್ಣು ನೋಯಿಸಿಕೊಂಡು ಹೆಣೆದಿದ್ದೆನಲ್ಲೋ! ನಾಳೆ ಬೆಳಗ್ಗೆ ಕೊಡಬೇಕು ಇದನ್ನ!"

"ಅಕ್ಕಾ, ಬಿಚ್ಚಿ ವಾಪಸ್..."

"ಮುಟ್ಟಬೇಡ! ಗಂಟು ಹಾಕಿ ಹಾಕಿ ಇಟ್ಟಿದ್ದೀಯ, ಇದು ಯಾವುದಕ್ಕೂ ಬರಲ್ಲ. ಮಾರುಕಟ್ಟೆ ಹಿಂದಿನ ಬೀದೀಲಿ ಉಣ್ಣೆ ಅಂಗಡಿ ಭಾನುವಾರಾನೂ ತೆಗೆದಿರುತ್ತೆ. ಇದೇ ಬಣ್ಣ ತಗೊಂಡು ಬಾ. ಓಡು!"

ಬ್ರೇಕಪ್ಪ ಓಡಿದ. ಕೈಯಲ್ಲಿದ್ದ ಒಂದು ಕಡ್ಡಿ ಅವಸರದಲ್ಲಿ ಜೇಬು ಸೇರಿದ್ದು ಅವನಿಗೇ ತಿಳಿಯಲಿಲ್ಲ. ಬೈಕಿನಲ್ಲಿ ಹೋಗಬಹುದಿತ್ತು, ಕಾಲು ಆ ಕಡೆ ತಿರುಗಲಿಲ್ಲ. ಉಣ್ಣೆ ಸಿಕ್ಕಿತು. ವಾಪಸ್ ಬರುವಾಗ ಮಾರುಕಟ್ಟೆಯ ಒಳಬೀದಿ ಹಿಡಿದ. ಭಾನುವಾರದ ಮಧ್ಯಾಹ್ನ, ಅಂಗಡಿಗಳೆಲ್ಲ ಮುಚ್ಚಿದ್ದವು. ಸಾಲಾಗಿ ಶಟರು, ಶಟರಿಗೊಂದು ಬೀಗ. ಅವನ ಹೆಜ್ಜೆ ತಾನಾಗಿ ನಿಧಾನವಾಯಿತು.

ಮೊದಲನೆಯ ಬೀಗ ಅವನ ಕಾರ್ಖಾನೆಯದೇ. ಬಗ್ಗಿ ತಳದ ಗುರುತು ನೋಡಿದ. ಮೂರು ವರ್ಷದ ಹಿಂದಿನದು, ಅವನೇ ಪರೀಕ್ಷೆ ಮಾಡಿ ಕಳಿಸಿದ್ದು! ಎರಡು ಅಂಗಡಿ ಆಚೆ ಇನ್ನೊಂದು. ಅದರಾಚೆ ಮಳೆಗೆ ಸ್ವಲ್ಪ ಮಾಸಿದ ಮತ್ತೊಂದು. ದಿನವಿಡೀ ಅವನ ಕೈ ದಾಟಿ ಡಬ್ಬಿ ಸೇರಿ ಹೋಗುವ ಬೀಗಗಳು ಆಮೇಲೆ ಏನಾದವು ಎಂದು ಅವನು ಯಾವತ್ತೂ ನೋಡಿರಲಿಲ್ಲ. ಇಲ್ಲಿ ನೋಡಿದರೆ ಒಂದೊಂದೂ ಒಂದೊಂದು ಮನೆತನದ ಅನ್ನವನ್ನು ಕಾಯುತ್ತ ನೇತಾಡುತ್ತಿದೆ. ಬ್ರೇಕಪ್ಪನಿಗೆ ನಿಜವಾಗಿ ಸಂತೋಷವಾಯಿತು. ಇದಕ್ಕಿಂತ ಅಗ್ಗದ ಹವ್ಯಾಸ ಇನ್ನೇನಿದೆ? ಬೀಗ ನೋಡುವುದು! ಬೀದಿ ಬೀದಿ ಸುತ್ತಿ ಬೀಗ ನೋಡುವುದು!

ಬರೀ ನೋಡಿದ್ದರೆ ಪರವಾಗಿರಲಿಲ್ಲ. ಹನ್ನೆರಡು ವರ್ಷದ ಅಭ್ಯಾಸ, ಕೈ ಕೇಳಬೇಕಲ್ಲ. ಪ್ರತಿ ಬೀಗವನ್ನೂ ಮೂರು ಮೂರು ಸಲ ಎಳೆದು ನೋಡುತ್ತ ಹೋದ.

ಒಂಬತ್ತನೆಯ ಅಂಗಡಿಯ ಹತ್ತಿರ ಹಿಂದಿನಿಂದ ಕತ್ತಿನ ಪಟ್ಟಿಗೆ ಒಂದು ಕೈ ಬಿತ್ತು. ಮಾರುಕಟ್ಟೆಯ ಕಾವಲುಗಾರ.

"ಏನೋ ಮಾಡ್ತಿದೀಯ?"

ಬ್ರೇಕಪ್ಪ ಆ ಗಾಬರಿಯಲ್ಲಿ ನಿಜವನ್ನೇ ಹೇಳಿದ. "ಹವ್ಯಾಸ."

"ಓಹೋ! ನಂದೂ ಒಂದು ಹವ್ಯಾಸ ಇದೆ, ನಿನ್ನಂಥವರನ್ನ ಹಿಡಿಯೋದು. ಜೇಬಲ್ಲೇನಿದೆ ತೆಗಿ!"

ಜೇಬಿನಿಂದ ಗೇಣುದ್ದದ ಉಕ್ಕಿನ ಕಡ್ಡಿ ಹೊರಬಂತು. ಕಾವಲುಗಾರ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಎಲ್ಲಿದ್ದರೋ ಏನೋ, ಹತ್ತು ಜನ ಸೇರಿದರು. "ಬೀಗ ತೆಗೆಯೋ ಕಡ್ಡಿ", "ಒಂಬತ್ತು ಅಂಗಡಿ ನೋಡಿದಾನೆ ನೋಡಿ", "ಮುಖ ನೋಡಿದರೆ ಸಾಧು" ಎಂದು ತಲೆಗೊಂದು ಮಾತಾಡಿದರು. ಸ್ವೆಟರ್ ಹೆಣೆಯೋದು ಸ್ವಾಮಿ ಎಂದು ಅವನು ಹೇಳಿದಾಗ ಜನ ಇನ್ನೂ ಹತ್ತಿರ ಬಂದರು.

ಕೊನೆಗೆ ಅವನ ಫೋನಿನಿಂದಲೇ ಹೆಂಡತಿಗೆ ಕರೆ ಹೋಯಿತು. ಅವಳು ಬಂದಳು, ಒಂಟಿಯಾಗಿ ಬರುವುದು ಬೇಡವೆಂದು ಮೇಷ್ಟ್ರನ್ನೂ ಕರೆತಂದಳು. ಮೇಷ್ಟ್ರಿಗೆ ಬೆಳಗಿನ ಸಿಟ್ಟು ಇಳಿದಿರಲಿಲ್ಲ, ಆದರೂ ಸತ್ಯ ನುಡಿದರು.

"ಇವನು ಕಳ್ಳ ಅಲ್ಲಪ್ಪ. ಕಳ್ಳತನಕ್ಕೆ ಬುದ್ಧಿ ಬೇಕು. ಇವನು ಜೇಳೆಹಣ್ಣು."

ಯಾರಿಗೂ ಅರ್ಥವಾಗಲಿಲ್ಲ, ಆದರೆ ಮೇಷ್ಟ್ರು ಹೇಳಿದ ರೀತಿ ನೋಡಿ ಎಲ್ಲರೂ ನಂಬಿದರು. ಹೆಂಡತಿ ಕಾರ್ಖಾನೆಯ ಗುರುತಿನ ಚೀಟಿ ತೋರಿಸಿದಳು. ಕಾವಲುಗಾರ ಕಡ್ಡಿ ವಾಪಸ್ ಕೊಟ್ಟು, "ಬೀಗ ಒಳ್ಳೇದು ಮಾಡ್ತೀರಿ ಬಿಡಿ. ಆದ್ರೆ ಇನ್ನೊಂದು ಸಲ ಈ ಬೀದೀಲಿ ಕಾಣಿಸಬೇಡಿ" ಎಂದ.

ಮನೆ ಸೇರಿದಾಗ ಐದೂಮುಕ್ಕಾಲು. ಅಕ್ಕನಿಗೆ ಉಣ್ಣೆ ಕೊಟ್ಟು, ಬೈಸಿಕೊಂಡು, ಬ್ರೇಕಪ್ಪ ಕುರ್ಚಿಯಲ್ಲಿ ಕುಸಿದ.

"ಇವತ್ತು ನನ್ನನ್ನ ಕಳ್ಳ ಅಂದ್ರು ಕಣೇ. ಹತ್ತು ಜನರ ಮುಂದೆ."

"ಹೂಂ ರೀ."

"ಅಷ್ಟಾದ ಮೇಲೆ ಅಂಜುಬುರುಕ ಅನ್ನಿಸಿಕೊಳ್ಳೋದರಲ್ಲಿ ಏನಿದೆ? ನಿಜಾನೇ ಬರೆದುಬಿಡ್ತೀನಿ."

"ಬರೀರಿ" ಎಂದಳು ಹೆಂಡತಿ. ಪಕ್ಕದಲ್ಲೇ ಕೂತು ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಬ್ರೇಕಪ್ಪ ಫೋನ್ ಹಿಡಿದು ಒಂದೊಂದೇ ಅಕ್ಷರ ಒತ್ತಿದ.

"ಸಾರ್, ಬೆಳಗ್ಗೆ ಸುಳ್ಳು ಹೇಳಿದೆ, ಕ್ಷಮಿಸಿ. ನನಗೆ ಬೇರೆ ಯಾವ ಹವ್ಯಾಸವೂ ಇಲ್ಲ. ಘಟ್ಟದ ಹೆಸರು ಕೇಳಿದಾಗಿನಿಂದ ರಾತ್ರಿ ನಿದ್ದೆ ಬರುತ್ತಿಲ್ಲ. ಹೆಂಡತಿಯೂ ಒಪ್ಪಿದ್ದಾಳೆ. ಬೈಕ್ ಬಿಡುವುದೇ ಸರಿ ಎಂದು ತೀರ್ಮಾನ ಮಾಡಿದ್ದೇನೆ. ಯಾರು ಏನೇ ಅನ್ನಲಿ, ಬಿಟ್ಟೇ ಬಿಡುತ್ತೇನೆ."

ಕಳಿಸಿದ. ಕಳಿಸಿದ್ದೇ ತಡ, ತಲೆಯ ಮೇಲಿನ ಮೂಟೆ ಇಳಿಸಿದಂತಾಯಿತು. ಎರಡು ವರ್ಷದಿಂದ ಕಿವಿಯವರೆಗೆ ಏರಿ ನಿಂತಿದ್ದ ಭುಜಗಳು ಕೆಳಗೆ ಬಂದವು. ಹೆಂಡತಿ ಚಹಾ ಮಾಡಿ ತಂದಳು. ಇನ್ನೂರು ಕಿಲೋಮೀಟರು ಹೋಗದೆ, ಅಡಿಗೆಮನೆಯಿಂದ ಹನ್ನೆರಡು ಹೆಜ್ಜೆ ಬಂದ ಚಹಾ. ಇಷ್ಟು ರುಚಿಯ ಚಹಾ ಅವನು ಕುಡಿದೇ ಇರಲಿಲ್ಲ.

ಐದು ನಿಮಿಷಕ್ಕೆ ಉತ್ತರ ಬಂತು. "ಶಭಾಷ್! ಕಣ್ಣಲ್ಲಿ ನೀರು ಬಂತು. ಏಳು ಗಂಟೆಗೆ ನಿಮ್ಮ ಮನೆಗೇ ಬರುತ್ತಿದ್ದೇನೆ."

"ನೋಡಿದೆಯಾ ಎಷ್ಟು ದೊಡ್ಡ ಮನಸ್ಸು!" ಎಂದ ಬ್ರೇಕಪ್ಪ.

"ಬರಲ್ಲ ಅಂದವರಿಗೆ ಶಭಾಷ್ ಯಾಕ್ರೀ ಅಂತಾರೆ?" ಎಂದಳು ಹೆಂಡತಿ. ಬ್ರೇಕಪ್ಪ ಚಹಾದ ಲೋಟ ಮತ್ತೆ ಬಾಯಿಗೆ ಹಿಡಿದ.

ಸರಿಯಾಗಿ ಏಳಕ್ಕೆ ಕರೆಗಂಟೆ ಸದ್ದು ಮಾಡಿತು. ಸಾಹೇಬರು ಬಾಗಿಲಲ್ಲೇ ಅವನನ್ನು ತಬ್ಬಿಕೊಂಡರು.

"ಬ್ರೇಕಪ್ಪಾ, ನೀವು ನಮ್ಮ ಮಾನ ಉಳಿಸಿದ್ರಿ ಕಣ್ರೀ! ಒಂದು ನಿಜ ಹೇಳ್ತೀನಿ, ಯಾರಿಗೂ ಹೇಳಬೇಡಿ. ಐದೂಮುಕ್ಕಾಲಿಗೆ ನಾನು ಘಟ್ಟ ರದ್ದು ಅಂತ ಬರೆಯೋಕೆ ಕೂತಿದ್ದೆ. ಉಳಿದ ಐದು ಜನಾನೂ ಬರಲ್ಲ ಅಂದಿದ್ರು. ಒಬ್ಬನಿಗಂತೂ ಮುಂದಿನ ಭಾನುವಾರ ಜ್ವರ ಬರೋದಿದೆಯಂತೆ!"

ಬ್ರೇಕಪ್ಪನಿಗೆ ತಲೆಬುಡ ಗೊತ್ತಾಗಲಿಲ್ಲ. "ರದ್ದಾ?"

"ಆಗಿಹೋಗ್ತಿತ್ತು! ಅಷ್ಟರಲ್ಲಿ ನಿಮ್ಮ ಸಂದೇಶ ಬಂತು. ಘಟ್ಟದ ಹೆಸರು ಕೇಳಿದಾಗಿಂದ ನಿದ್ದೆ ಬರ್ತಿಲ್ಲವಂತೆ, ಹೆಂಡತೀನೂ ಒಪ್ಪಿದ್ದಾರಂತೆ, ಯಾರು ಏನೇ ಅನ್ನಲಿ ಬೈಕ್ ಬಿಟ್ಟೇ ಬಿಡ್ತಾರಂತೆ! ಆ ಕ್ಷಣಾನೇ ಎಲ್ಲರಿಗೂ ಕಳಿಸಿದೆ. ಬ್ರೇಕಪ್ಪನೇ ಬಿಡ್ತಾನೆ ಅಂದ್ಮೇಲೆ ನಮಗೇನು ರೋಗ ಅಂತ ಐದು ಜನಾನೂ ಒಪ್ಪಿದ್ರು. ಮುಂದಿನ ಗಾಡಿ ನಿಮ್ಮದೇ!"

ಬ್ರೇಕಪ್ಪ ಗೋಡೆ ಹಿಡಿದುಕೊಂಡ. ತಾನು ಬಾಯಿ ಮುಚ್ಚಿಕೊಂಡು ಇನ್ನೊಂದು ಹತ್ತು ನಿಮಿಷ ಕೂತಿದ್ದರೆ ಘಟ್ಟ ತಾನಾಗಿ ತೊಲಗುತ್ತಿತ್ತು. ಸತ್ತ ಹಾವನ್ನು ತಾನೇ ಎಬ್ಬಿಸಿ ಕೊರಳಿಗೆ ಸುತ್ತಿಕೊಂಡಿದ್ದ.

"ಅಯ್ಯೋ ಅಲ್ಲ ಸಾರ್! ನಾನು ಬಿಡ್ತೀನಿ ಅಂದಿದ್ದು ಬಿಡೋದಕ್ಕೆ!"

"ನಾನೂ ಅದನ್ನೇ ಅಲ್ವೇನ್ರೀ ಹೇಳ್ತಿರೋದು, ಬಿಡೋದಕ್ಕೆ!"

"ಆ ಬಿಡೋದಲ್ಲ ಸಾರ್!"

"ಇನ್ಯಾವ ಬಿಡೋದ್ರೀ? ಬಸ್ ಬಿಡ್ತಾನೆ, ಲಾರಿ ಬಿಡ್ತಾನೆ ಅನ್ನಲ್ವಾ?"

"ಸಿಗರೇಟು ಬಿಟ್ಟ, ಕೆಲಸ ಬಿಟ್ಟ ಅಂತಾರಲ್ಲ ಸಾರ್, ಆ ಬಿಡೋದು! ನನಗೆ ಭಯ ಸಾರ್. ಹೋದ ತಿಂಗಳು ಫೋನ್ ಬಂದಿರಲಿಲ್ಲ, ಕೈ ನಡುಗ್ತಾ ಇತ್ತು. ನಾನು ಇನ್ನು ಬೈಕ್ ಮುಟ್ಟಲ್ಲ."

ಮೆಟ್ಟಿಲ ಮೇಲಿಂದ ಮೇಷ್ಟ್ರ ದನಿ ಬಂತು. "ಎರಡೂ ಅರ್ಥ ಸರಿ! ಆದರೆ ಬರೆಯುವಾಗ ಎಚ್ಚರ ಬೇಕು. ನಾನು ಬೆಳಗ್ಗೇನೇ ಹೇಳಿದೆ, ಇವನ ಕೈಗೆ ಅಕ್ಷರ ಕೊಡಬಾರದು."

ಬ್ರೇಕಪ್ಪ ನೆಲ ನೋಡುತ್ತ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಸಾಹೇಬರು ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು, ಕುರ್ಚಿಯಲ್ಲಿ ಕೂತು, ಉಸ್ಸಪ್ಪಾ ಎಂದು ಉದ್ದಕ್ಕೆ ಉಸಿರು ಬಿಟ್ಟರು.

"ಸದ್ಯ! ಬದುಕಿದೆ ಕಣ್ರೀ."

"ಸಾರ್?"

"ನನಗೂ ಭಯಾನೇ. ಆ ಮೂರನೇ ತಿರುವು ನೆನೆಸಿಕೊಂಡ್ರೆ ಕಾಲು ತಣ್ಣಗಾಗುತ್ತೆ. ಮುಖ್ಯಸ್ಥ ಅಂತ ಕೂತ ಮೇಲೆ ಬಾಯಿಬಿಟ್ಟು ಹೇಳೋದು ಹೇಗೆ?" ಅಲ್ಲೇ ಫೋನ್ ತೆಗೆದು ಎಲ್ಲರಿಗೂ ಬರೆದರು. ಘಟ್ಟ ರದ್ದು. ಇನ್ನು ಬೈಕ್ ಓಡಿಸುವುದೇ ರದ್ದು. ಐದು ಉತ್ತರಗಳು ಒಂದರ ಹಿಂದೆ ಒಂದು ಟಣ್ ಟಣ್ ಎಂದು ಬಂದವು. ಎಲ್ಲದರಲ್ಲೂ ಇದ್ದದ್ದು ಒಂದೇ ಮಾತು, ಸದ್ಯ. ಜ್ವರ ಬರಬೇಕಾಗಿದ್ದವನು ಜ್ವರ ಬಿಟ್ಟಿತು ಎಂದೂ ಬರೆದಿದ್ದ.

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬ್ರೇಕಪ್ಪನ ಹೆಂಡತಿ ಮತ್ತೊಂದು ಸುತ್ತು ಚಹಾ ಕೊಟ್ಟಳು. ಲೋಟ ಖಾಲಿ ಮಾಡಿ ಏಳುವಾಗ ಸಾಹೇಬರು ಮೀಸೆ ಒರೆಸಿಕೊಳ್ಳುತ್ತ, "ಆದ್ರೆ ಒಂದು ಮಾತು" ಎಂದರು.

"ಹೇಳಿ ಸಾರ್."

"ಏಳು ಜನಕ್ಕೂ ಭಾನುವಾರ ಖಾಲಿ ಆಗಿಹೋಯ್ತಲ್ಲ. ಹೀಗೇ ಬಿಟ್ರೆ ತುಕ್ಕು ಹಿಡೀತೀವಿ. ನೀವು ಇವತ್ತೆಲ್ಲ ಹುಡುಕಿ ಪಳಗಿದ್ದೀರಿ. ನಾಳೆ ಕೆಲಸಕ್ಕೆ ಬರುವಾಗ ನಮ್ಮೆಲ್ಲರಿಗೂ ಆಗೋ ಒಂದು ಹವ್ಯಾಸ ಹುಡುಕಿಕೊಂಡು ಬನ್ನಿ. ಹೊಸದಾಗಿ ಏನೂ ಕೊಳ್ಳೋ ಹಾಗಿರಬಾರದು, ಎಲ್ಲರ ಮನೇಲೂ ಇರೋದರಲ್ಲೇ ಆಗಬೇಕು. ನನಗೆ ಸೊಂಟ ನೋವು, ಕೂತ್ಕೊಂಡೇ ಮಾಡೋ ಅಂಥದ್ದಾಗಲಿ. ಹಾಗಂತ ಮನೆಯೊಳಗೆ ಬೇಡ, ಮೈಗೆ ಗಾಳಿ ತಾಗಬೇಕು. ಏಳು ಜನಾನೂ ಒಟ್ಟಿಗೆ ಇರಬೇಕು. ಏನು? ಬೆಳಗ್ಗೆ ಒಂಬತ್ತಕ್ಕೆ ಹೇಳಿ."

ಅವನು ಹೂಂ ಎನ್ನುವುದರೊಳಗೆ ಸಾಹೇಬರು ಎಷ್ಟೋ ದಿನದ ಮೇಲೆ ರಜೆ ಸಿಕ್ಕವರಂತೆ ಶಿಳ್ಳೆ ಹೊಡೆಯುತ್ತ ಮೆಟ್ಟಿಲಿಳಿದು ಹೋದರು. ಬ್ರೇಕಪ್ಪ ಬಾಗಿಲು ಹಾಕಿ, ಒಳಗೆ ಬಂದು, ಎರಡೂ ಕೈಯಲ್ಲಿ ತಲೆ ಹಿಡಿದು ಕೂತ.

"ನಿನಗೇನಾದ್ರೂ ತೋಚುತ್ತಾ ನೋಡೇ."

ಹೆಂಡತಿ ಎದುರಿಗೆ ಕೂತು ಒಂದೊಂದೇ ಬೆರಳು ಮಡಿಸಿದಳು. "ಎಲ್ಲರ ಹತ್ರಾನೂ ಆಗಲೇ ಇರಬೇಕು. ಕೂತ್ಕೊಂಡೇ ಮಾಡಬೇಕು. ಮನೆ ಹೊರಗೆ, ಗಾಳಿ ತಾಗೋ ಹಾಗೆ. ಏಳು ಜನಾನೂ ಒಟ್ಟಿಗೆ..." ನಾಲ್ಕನೇ ಬೆರಳೂ ಮಡಿಸಿದಳು. ಆಮೇಲೆ ಅವಳ ಮುಖ ಅರಳಿತು.

"ಹಾಗಾದ್ರೆ ಬೈಕೇ ಅಲ್ವೇನ್ರೀ?"